ಕಳೆದ ಸಲ ಬಂದವರು ತಾವೇ ತಾನೆ?

(ಬಾನುಲಿಯಲ್ಲಿ ಪ್ರಸಾರವಾದ ಭಾಷಣದ ಬರಹರೂಪ)

ನಾಲ್ಕು ದಿನ ಊರಿಗೆ ಹೋಗಿ ಬಂದು ಮನೆಯ ಬಾಗಿಲು ತೆರೆಯುವಾಗ ನಾವೆಲ್ಲರೂ ನಮಗರಿವಿಲ್ಲದೆಯೇ ಒಂದು ಕೆಲಸ ಮಾಡುತ್ತೇವೆ. ಬೀಗವನ್ನು ಒಮ್ಮೆ ಜಗ್ಗಿ ನೋಡುತ್ತೇವೆ. ಹೊಸ್ತಿಲ ಮೇಲಿನ ಧೂಳಿನಲ್ಲಿ ಹೆಜ್ಜೆಯ ಗುರುತುಂಟೋ ಎಂದು ಕಣ್ಣಾಡಿಸುತ್ತೇವೆ. ಒಳಗೆ ಹೋದ ಮೇಲೆ ಕುರ್ಚಿ ಇದ್ದಲ್ಲಿಯೇ ಇದೆಯೇ, ಬೀರುವಿನ ಬಾಗಿಲು ಹಾಕಿದ ಹಾಗೆಯೇ ಇದೆಯೇ ಎಂದು ನೋಡಿ ಆಮೇಲೆ ಕೈಚೀಲ ಕೆಳಗಿಡುತ್ತೇವೆ. ಬೀಗ ಗಟ್ಟಿಯಾಗಿದೆ ಎಂಬುದೊಂದರಿಂದಲೇ ನಮಗೆ ಸಮಾಧಾನವಾಗುವುದಿಲ್ಲ. ಏಕೆಂದರೆ ಬೀಗಕ್ಕೆ ನೆನಪಿಲ್ಲ. ಸರಿಯಾದ ಕೀಲಿಕೈ ಯಾರ ಕೈಯಲ್ಲಿದ್ದರೂ ಅದು ತೆರೆದುಕೊಳ್ಳುತ್ತದೆ. ತೆರೆದವರು ಯಾರು, ಯಾವಾಗ ತೆರೆದರು ಎಂಬುದನ್ನು ಅದು ಹೇಳಲಾರದು.

ಶ್ರೋತೃಗಳೇ, ಇಂದು ಬಹುಮಂದಿಯ ಮನೆಗಳಲ್ಲಿ, ಕಚೇರಿಗಳಲ್ಲಿ, ಗ್ರಂಥಾಲಯಗಳಲ್ಲಿ ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರಕ್ಕೂ ಇಂಥದೊಂದು ಬೀಗವುಂಟು. ಹೆಸರನ್ನೂ ಗುಪ್ತಪದವನ್ನೂ ಕೊಟ್ಟರೆ ಅದು ತೆರೆಯುತ್ತದೆ. ಮನೆಯ ಬೀಗಕ್ಕಿಲ್ಲದ ನೆನಪು ಈ ಬೀಗಕ್ಕೆ ಇದೆ. ಬಂದವರ ಹೆಸರು, ಬಂದ ಹೊತ್ತು, ಹೋದ ಹೊತ್ತು, ಎಲ್ಲಿಂದ ಬಂದರು ಎಂಬುದನ್ನು ಅದು ಬರೆದಿಟ್ಟುಕೊಳ್ಳಬಲ್ಲದು. ಆ ಬರಹವನ್ನು ಬಳಸುವವನ ಕಣ್ಣಿಗೆ ಏಕೆ ತೋರಿಸಬೇಕು, ತೋರಿಸಿದಾಗ ಅದನ್ನು ಹೇಗೆ ಓದಬೇಕು ಎಂಬ ಎರಡು ಪ್ರಶ್ನೆಗಳನ್ನು ಇಂದು ತಮ್ಮ ಮುಂದೆ ಇಡುತ್ತೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಉಸಾಬರಿ ಏಕೆ ಎಂದು ಕೇಳಬಹುದು. ಈ ಬರಹವನ್ನು ತಪ್ಪಾಗಿ ಓದಿ ನಾನು ಒಬ್ಬ ಹುಡುಗನಿಗೆ ದೊಡ್ಡ ಅನ್ಯಾಯ ಮಾಡುವುದರಲ್ಲಿದ್ದೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಗಣಕದೊಳಕ್ಕೆ ಪ್ರವೇಶಿಸುವುದಕ್ಕೆ ‘ಲಾಗಿನ್’ ಎಂಬ ಮಾತು ಬಳಕೆಯಲ್ಲಿದೆ. ಈ ಪದದ ಹಿಂದೆ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನಲ್ಲಿ ‘ಲಾಗ್’ ಎಂದರೆ ಮರದ ದಿಮ್ಮಿ. ಹಿಂದೆ ಹಡಗಿನವರು ವೇಗವನ್ನು ಅಳೆಯಲು ಹಗ್ಗ ಕಟ್ಟಿದ ಮರದ ತುಂಡನ್ನು ಸಮುದ್ರಕ್ಕೆ ಬಿಡುತ್ತಿದ್ದರು. ಗೊತ್ತಾದ ಅವಧಿಯಲ್ಲಿ ಹಗ್ಗದ ಎಷ್ಟು ಗಂಟುಗಳು ಬಿಚ್ಚಿಕೊಂಡು ಹೋದವೆಂದು ಎಣಿಸಿ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕ ‘ಲಾಗ್‌ಬುಕ್’ ಆಯಿತು. ದಿನದಿನದ ಆಗುಹೋಗುಗಳನ್ನು ಹೊತ್ತು ಸಹಿತ ಬರೆಯುವ ಯಾವ ಪುಸ್ತಕಕ್ಕಾದರೂ ಆ ಹೆಸರು ಬಂತು. ನಮ್ಮ ಅಂಗಡಿಗಳ ರೋಜುಕೀರ್ದಿ, ಶಾಲೆಗಳ ಹಾಜರಿ ಪುಸ್ತಕ ಇವೆಲ್ಲ ಅದರ ದಾಯಾದಿಗಳೇ. ಲಾಗಿನ್ ಎಂದರೆ ಆ ಪುಸ್ತಕದಲ್ಲಿ ಹೆಸರು ಬರೆಸಿ ಒಳಗೆ ಹೋಗುವುದು ಎಂದು ತಿಳಿಯಬಹುದು. ಪದದಲ್ಲಿಯೇ ದಾಖಲೆಯ ಅರ್ಥವಿದೆ. ನಾವು ಬೀಗದ ಅರ್ಥವನ್ನು ಮಾತ್ರ ಉಳಿಸಿಕೊಂಡು ಪುಸ್ತಕದ ಅರ್ಥವನ್ನು ಮರೆತಿದ್ದೇವೆ.

ಹಲವರು ಒಂದೇ ಗಣಕವನ್ನು ಹಂಚಿಕೊಳ್ಳುವ ಪದ್ಧತಿ ಬಂದಾಗ ಗುಪ್ತಪದದ ಅಗತ್ಯವೂ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ರೂಪಿಸಿದ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆ 1961ರಲ್ಲಿ ಮೊದಲು ಪ್ರದರ್ಶಿತವಾಯಿತು. ಒಂದು ಯಂತ್ರ, ಅನೇಕ ಸಂಶೋಧಕರು, ಒಬ್ಬೊಬ್ಬರಿಗೆ ಇಂತಿಷ್ಟೇ ಹೊತ್ತು ಎಂಬುದು ಅದರ ಏರ್ಪಾಡು. ಒಬ್ಬರ ಪಾಲಿನ ಹೊತ್ತನ್ನು ಇನ್ನೊಬ್ಬರು ಬಳಸದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಅಲನ್ ಶೆರ್ ಎಂಬಾತನಿಗೆ ವಾರಕ್ಕೆ ದೊರೆಯುತ್ತಿದ್ದುದು ನಾಲ್ಕು ಗಂಟೆ. ಅದು ಅವನಿಗೆ ಸಾಲದು. 1962ರಲ್ಲಿ ಒಂದು ಶುಕ್ರವಾರ ರಾತ್ರಿ ಅವನು ರಂಧ್ರಪತ್ರವೊಂದರ ಮೂಲಕ ಗುಪ್ತಪದಗಳ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಅಪ್ಪಣೆ ಕೊಟ್ಟ. ಶನಿವಾರ ಬೆಳಿಗ್ಗೆ ಹೋಗಿ ಮುದ್ರಿತ ಹಾಳೆಗಳನ್ನು ಎತ್ತಿಕೊಂಡು ಬಂದ. ಅಲ್ಲಿಂದ ಮುಂದೆ ಬೇಕಾದವರ ಹೆಸರಿನಲ್ಲಿ ಒಳಗೆ ಹೋಗಿ ಕೆಲಸ ಮಾಡಿದ. ತಾನು ಮಾಡಿದ್ದೇನೆಂಬುದನ್ನು ಅವನು ಬಾಯಿಬಿಟ್ಟು ಹೇಳಿದ್ದು ಸುಮಾರು ಕಾಲು ಶತಮಾನ ಕಳೆದ ಮೇಲೆ.

ಇಲ್ಲಿ ಯಂತ್ರ ಮೋಸ ಹೋಯಿತೆನ್ನುವಂತಿಲ್ಲ. ಅದು ಕೇಳಿದ ಪದವನ್ನು ಅವನು ಕೊಟ್ಟ, ಅದು ಬಾಗಿಲು ತೆರೆಯಿತು. ಹೆಸರು ಸರಿ, ಪದ ಸರಿ, ಬಂದವನು ಮಾತ್ರ ಬೇರೆ. ಯಂತ್ರದ ಲೆಕ್ಕದಲ್ಲಿ ಇದು ನಿರ್ದೋಷವಾದ ಪ್ರವೇಶ. ಇದು ತಪ್ಪೆಂದು ಹೇಳಬಲ್ಲವನು ಲೋಕದಲ್ಲಿ ಒಬ್ಬನೇ, ಯಾರ ಹೆಸರಿನಲ್ಲಿ ಬಾಗಿಲು ತೆರೆಯಿತೋ ಅವನು. “ಆ ಹೊತ್ತಿನಲ್ಲಿ ನಾನು ಬಂದಿರಲಿಲ್ಲ” ಎಂಬ ತಿಳಿವಳಿಕೆ ಅವನ ತಲೆಯಲ್ಲಿದೆ. “ಆ ಹೊತ್ತಿನಲ್ಲಿ ಒಬ್ಬರು ಬಂದಿದ್ದರು” ಎಂಬ ತಿಳಿವಳಿಕೆ ಯಂತ್ರದಲ್ಲಿದೆ. ಇವೆರಡೂ ಒಂದೆಡೆ ಸೇರುವ ತನಕ ಕಳ್ಳತನ ನಡೆದಿದೆಯೆಂಬುದು ಯಾರಿಗೂ ಗೊತ್ತಾಗುವುದಿಲ್ಲ. ಪ್ರವೇಶದ ಇತಿಹಾಸವನ್ನು ಬಳಕೆದಾರನಿಗೆ ತೋರಿಸಬೇಕೆನ್ನುವುದಕ್ಕೆ ಮೂಲಕಾರಣ ಇಷ್ಟೇ. ಉಳಿದುದೆಲ್ಲ ಇದರ ವಿಸ್ತರಣೆ.

ಸಿ.ಟಿ.ಎಸ್.ಎಸ್.ನ ತರುವಾಯ ಅದೇ ಸಂಸ್ಥೆಯವರು ಬೇರೆಯವರೊಡಗೂಡಿ 1965ರ ಸುಮಾರಿಗೆ ಮಲ್ಟಿಕ್ಸ್ ಎಂಬ ವ್ಯವಸ್ಥೆಯ ನಿರ್ಮಾಣಕ್ಕೆ ಕೈಹಾಕಿದರು. ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಯೂನಿಕ್ಸ್ ಹುಟ್ಟಿತು. ಈ ಎರಡು ಮನೆತನಗಳಲ್ಲಿಯೂ ಒಂದು ಒಳ್ಳೆಯ ಸಂಪ್ರದಾಯ ಬೆಳೆಯಿತು. ಗುಪ್ತಪದ ಕೊಟ್ಟು ಒಳಗೆ ಬಂದವನಿಗೆ ಯಂತ್ರ ಮೊಟ್ಟಮೊದಲು ಹೇಳುವ ಮಾತು, “ಹಿಂದಿನ ಪ್ರವೇಶ: ಇಂಥ ವಾರ, ಇಂಥ ದಿನ, ಇಷ್ಟು ಗಂಟೆಗೆ, ಇಲ್ಲಿಂದ” ಎಂದು. ಒಂದೇ ಒಂದು ಸಾಲು. ಕಳೆದ ಸಲ ಬಂದವರು ತಾವೇ ತಾನೆ ಎಂದು ವಿನಯದಿಂದ ಕೇಳಿದಂತೆ. ಹೌದೆಂದಾದರೆ ಓದಿ ಮರೆತುಬಿಡಬಹುದು. ಅಲ್ಲವೆಂದಾದರೆ ಆ ಒಂದು ಸಾಲು ಎದೆ ಝಲ್ಲೆನ್ನಿಸುತ್ತದೆ.

ಈ ಸಾಲು ಹೇಗೆ ಸಿದ್ಧವಾಗುತ್ತದೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಯೂನಿಕ್ಸ್ ಪರಂಪರೆಯ ಗಣಕಗಳಲ್ಲಿ ಎರಡು ಬಗೆಯ ಪುಸ್ತಕಗಳಿದ್ದವು. ಒಂದರಲ್ಲಿ ಒಬ್ಬೊಬ್ಬನಿಗೂ ಒಂದೊಂದೇ ಮನೆ, ಅವನು ಕಟ್ಟಕಡೆಗೆ ಬಂದ ಹೊತ್ತು ಮಾತ್ರ ಅಲ್ಲಿರುತ್ತದೆ. ಹೊಸದಾಗಿ ಬಂದಾಗ ಯಂತ್ರ ಹಳೆಯದನ್ನು ಓದಿ ಹೇಳಿ, ಅದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಇನ್ನೊಂದು ಪುಸ್ತಕ ಬಂದವರ, ಹೋದವರ ಸಾಲುಗಳು ಒಂದರ ಕೆಳಗೊಂದು ಬೆಳೆಯುತ್ತ ಹೋಗುವ ದೊಡ್ಡ ಹಾಜರಿ. ‘ಲಾಸ್ಟ್’ ಎಂಬ ಒಂದು ಪದವನ್ನು ಬೆರಳಚ್ಚಿಸಿದರೆ ಆ ಸಾಲುಗಳು ಹೊಸದು ಮೊದಲಾಗಿ ತೆರೆಯ ಮೇಲೆ ಇಳಿಯುತ್ತಿದ್ದವು. ಈ ಎರಡರ ಭೇದವನ್ನು ಮನಸ್ಸಿನಲ್ಲಿಡಬೇಕು. ಮಂಗಳವಾರ ರಾತ್ರಿ ಕಳ್ಳ ಬಂದಿದ್ದಾನೆಂದು ಇಟ್ಟುಕೊಳ್ಳಿ. ಬುಧವಾರ ಬೆಳಿಗ್ಗೆ ಒಡೆಯ ಬಂದಾಗ ಯಂತ್ರ ಆ ಹೊತ್ತನ್ನು ಹೇಳುತ್ತದೆ. ಅವನು ಅವಸರದಲ್ಲಿ ಓದದೆ ಕೆಲಸಕ್ಕೆ ತೊಡಗಿದರೆ, ಮಧ್ಯಾಹ್ನ ಮತ್ತೆ ಬಂದಾಗ ಕಾಣುವುದು ತನ್ನ ಬೆಳಗಿನ ಹೊತ್ತೇ. ಆಗ ದೊಡ್ಡ ಪುಸ್ತಕವನ್ನು ಬಿಚ್ಚಿ ನೋಡದ ಹೊರತು ಮಂಗಳವಾರದ ಸುದ್ದಿ ತಿಳಿಯದು.

ಒಳಗೆ ಬಂದವರ ಲೆಕ್ಕದಷ್ಟೇ ಬೆಲೆಯುಳ್ಳದ್ದು ಬರಲಾರದೆ ಹೋದವರ ಲೆಕ್ಕ. ತಪ್ಪು ಗುಪ್ತಪದ ಕೊಟ್ಟು ಹಿಂದಿರುಗಿದ ಪ್ರಯತ್ನಗಳನ್ನೂ ಯಂತ್ರ ಬರೆದಿಡಬಲ್ಲದು. ನಾವೇ ಅವಸರದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಒಂದೋ ಎರಡೋ ವಿಫಲ ಪ್ರಯತ್ನಗಳು ಇರುವುದು ಸಹಜ. ಒಂದೇ ರಾತ್ರಿಯಲ್ಲಿ ನಲವತ್ತು ವಿಫಲ ಪ್ರಯತ್ನಗಳಿದ್ದರೆ ಯಾರೋ ಬಾಗಿಲ ಬಳಿ ಕೀಲಿಕೈಗಳ ಗೊಂಚಲು ಹಿಡಿದು ನಿಂತಿದ್ದಾರೆಂದು ಅರ್ಥ. ನಲವತ್ತರ ತರುವಾಯ ಒಂದು ಸಫಲ ಪ್ರವೇಶ ಕಂಡಿತೆಂದರೆ, ಅದು ತನ್ನದಲ್ಲವೆಂದಾದರೆ, ಕೀಲಿಕೈ ಕೂಡಿಬಂದಿದೆಯೆಂದೇ ತಿಳಿಯಬೇಕು. ವಿಂಡೋಸ್ ವ್ಯವಸ್ಥೆಯಲ್ಲಿ, 2007ರಲ್ಲಿ ಸಾರ್ವಜನಿಕರಿಗೆ ಬಂದ ವಿಸ್ಟಾ ಆವೃತ್ತಿಯಿಂದ ಈಚೆಗೆ, ಇದಕ್ಕೆಂದು ಒಂದು ಏರ್ಪಾಡಿದೆ. ಅದನ್ನು ಜಾರಿಗೊಳಿಸಿದರೆ, ಒಳಗೆ ಬಂದೊಡನೆ ಹಿಂದಿನ ಸಫಲ ಪ್ರವೇಶದ ಹೊತ್ತು, ಹಿಂದಿನ ವಿಫಲ ಪ್ರಯತ್ನದ ಹೊತ್ತು, ಆ ಸಫಲ ಪ್ರವೇಶದಿಂದೀಚೆಗೆ ನಡೆದ ವಿಫಲ ಪ್ರಯತ್ನಗಳ ಸಂಖ್ಯೆ ಈ ಮೂರನ್ನೂ ತೋರಿಸಿ, ನೋಡಿದೆನೆಂದು ಒಪ್ಪಿಕೊಂಡ ಮೇಲೆ ಮುಂದಕ್ಕೆ ಬಿಡುತ್ತದೆ. ಆದರೆ ಅದು ತಾನಾಗಿ ಜಾರಿಯಲ್ಲಿರುವುದಿಲ್ಲ, ಬಲ್ಲವರು ಬೇಕೆಂದು ಜಾರಿಗೊಳಿಸಬೇಕು.

ಹಾಗಿದ್ದರೆ ನಮ್ಮ ಮೇಜಿನ ಗಣಕಗಳು ಏನನ್ನೂ ಬರೆದಿಡುವುದಿಲ್ಲವೆ? ಹೇರಳವಾಗಿ ಬರೆದಿಡುತ್ತವೆ. ವಿಂಡೋಸಿನ ಭದ್ರತಾ ದಾಖಲೆಯಲ್ಲಿ ಸಫಲ ಪ್ರವೇಶಕ್ಕೆ 4624 ಎಂಬ ಸಂಖ್ಯೆ, ವಿಫಲಕ್ಕೆ 4625. ಆದರೆ ಆ ದಾಖಲೆಯನ್ನು ತೆರೆಯಲು ಆಡಳಿತಗಾರನ ಅಧಿಕಾರ ಬೇಕು. ತೆರೆದರೂ ಓದುವುದು ಸುಲಭವಲ್ಲ. ಮನುಷ್ಯ ಮಾತ್ರವೇ ಗಣಕದೊಳಗೆ ಬರುವುದೆಂದು ನಾವು ತಿಳಿದಿರುತ್ತೇವೆ. ಅದರೊಳಗಿನ ಊಳಿಗದ ಕ್ರಮವಿಧಿಗಳೂ ಕ್ಷಣಕ್ಷಣಕ್ಕೆ ಹೆಸರು ಬರೆಸಿ ಬಂದು ಹೋಗುತ್ತವೆ. ಅವುಗಳನ್ನು ಬೇರ್ಪಡಿಸಲು ಪ್ರವೇಶದ ಬಗೆಗೆ ಒಂದೊಂದು ಅಂಕಿಯಿದೆ: ಮುಂದೆ ಕುಳಿತು ಕೀಲಿಮಣೆಯಿಂದ ಬಂದರೆ 2, ಜಾಲದ ಮೂಲಕವಾದರೆ 3, ಊಳಿಗದ ಕ್ರಮವಿಧಿಯಾದರೆ 5, ಮುಚ್ಚಿದ ತೆರೆಯನ್ನು ಮತ್ತೆ ತೆರೆದರೆ 7, ದೂರದಲ್ಲಿದ್ದು ತೆರೆಯನ್ನು ಬಳಸಿದರೆ 10. ಇದನ್ನರಿಯದವನಿಗೆ ಅದು ಜಾತ್ರೆಯ ಗದ್ದಲದಲ್ಲಿ ಒಬ್ಬನ ದನಿಯನ್ನು ಹುಡುಕಿದಂತೆ. ಇನ್ನು ಯೂನಿಕ್ಸಿನ ವಂಶದ ಲಿನಕ್ಸ್ ಗಣಕಗಳಲ್ಲಿ ಅಕ್ಷರಗಳ ಕಪ್ಪು ತೆರೆ ಹೋಗಿ ಚಿತ್ರಗಳ ಬಣ್ಣದ ತೆರೆ ಬಂದಾಗ, ಆ ಹಳೆಯ ಒಂದು ಸಾಲಿಗೆ ಸಾಮಾನ್ಯವಾಗಿ ಸ್ಥಳ ಸಿಗದೆ ಹೋಯಿತು. ಪುಸ್ತಕ ಒಳಗೆ ಉಳಿಯಿತು. ಓದಿ ಹೇಳುವ ದನಿ ಅಡಗಿತು.

ಆ ದನಿ ಮತ್ತೆ ಕೇಳಿಸಿದ್ದು ಜಾಲದ ಸೇವೆಗಳಲ್ಲಿ. ಜಿಮೇಲ್ ಅಂಚೆಸೇವೆಯವರು 2008ರಲ್ಲಿ ಪುಟದ ಅಡಿಯಲ್ಲಿ ಖಾತೆಯ ಹಿಂದಿನ ಬಳಕೆಯ ವಿವರವನ್ನು ತೋರಿಸಲಾರಂಭಿಸಿದರು. ಬ್ಯಾಂಕಿನ ಜಾಲಪುಟಕ್ಕೆ ಹೋಗುವವರು ಎಷ್ಟೋ ಕಡೆ ‘ಹಿಂದಿನ ಪ್ರವೇಶ’ ಎಂಬ ಸಣ್ಣ ಅಕ್ಷರದ ಸಾಲನ್ನು ಕಂಡಿರಬಹುದು. ಇನ್ನು ಮುಂದೆ ಅದನ್ನು ಓದಿ ಮುಂದಕ್ಕೆ ಹೋಗಿ ಎಂಬುದೊಂದು ನನ್ನ ಬಿನ್ನಹ.

ನಮ್ಮ ಶಾಸನಗಳ ಮಾತನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ದಾನಕೊಟ್ಟ ಅರಸು ತಾಮ್ರಪಟವನ್ನು ಬರೆಸಿದರೆ ಅದು ದಾನ ಪಡೆದವನ ಮನೆಯಲ್ಲಿ ಜೋಪಾನವಾಗಿರುತ್ತಿತ್ತು. ಕಲ್ಲಿನ ಮೇಲೆ ಬರೆಸಿದರೆ ಗುಡಿಯ ಮುಂದೆಯೋ ಊರಿನ ನಡುವೆಯೋ ನಿಂತು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಎರಡೂ ದಾಖಲೆಗಳೇ. ಒಂದು ಕಾಪಾಡಿದ ದಾಖಲೆ, ಇನ್ನೊಂದು ಕಾಣಿಸಿದ ದಾಖಲೆ. ಗಣಕದ ಪ್ರವೇಶದಾಖಲೆ ಇವೆರಡರ ನಡುವಣ ಸ್ಥಾನಕ್ಕೆ ಸೇರಿದ್ದು. ಅದು ಊರಿಗೆಲ್ಲ ಕಾಣಬಾರದು, ಆದರೆ ಸಂಬಂಧಪಟ್ಟವನಿಗೆ ಕಂಡೇ ತೀರಬೇಕು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವಾಸಂಸ್ಥೆಗಳೂ ಕಂಪನಿಗಳೂ ಸರ್ಕಾರಿ ಕಚೇರಿಗಳೂ ತಮ್ಮ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳ ಕಾಲ ಇಡಬೇಕು. ಒಳ್ಳೆಯದೇ. ಆದರೆ ಇಡುವುದು ಒಂದು, ತೋರಿಸುವುದು ಇನ್ನೊಂದು. ಇಟ್ಟ ದಾಖಲೆ ಕಳವಾದ ಮೇಲೆ ತನಿಖೆಗೆ ನೆರವಾಗುತ್ತದೆ. ತೋರಿಸಿದ ದಾಖಲೆ ಕಳವು ನಡೆಯುತ್ತಿರುವಾಗಲೇ ಎಚ್ಚರಿಸುತ್ತದೆ.

ದಾಖಲೆಯ ಶಕ್ತಿಯನ್ನೂ ಅದರ ಮಿತಿಯನ್ನೂ ಒಟ್ಟಿಗೆ ಅರಿಯಬೇಕಾದರೆ 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ನಡೆದುದನ್ನು ನೋಡಬೇಕು. ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳವಿಜ್ಞಾನಿ ಅಲ್ಲಿ ಗಣಕಗಳ ಮೇಲ್ವಿಚಾರಣೆಗೆ ಸೇರಿದ ಹೊಸತು. ಯಾರು ಎಷ್ಟು ಹೊತ್ತು ಬಳಸಿದರು, ಯಾರಿಗೆಷ್ಟು ಶುಲ್ಕ ಎಂಬ ಲೆಕ್ಕದಲ್ಲಿ 75 ಸೆಂಟಿನ ವ್ಯತ್ಯಾಸ ಕಂಡುಬಂತು. ಒಂದು ಡಾಲರಿನ ಮುಕ್ಕಾಲು ಪಾಲು. ಯಾರಾದರೂ ಕೈಯಿಂದ ತುಂಬಿ ಮುಗಿಸಬಹುದಾಗಿದ್ದ ಮೊತ್ತ. ಸ್ಟೋಲ್ ಅದನ್ನು ಬಿಡಲಿಲ್ಲ. ಬೆನ್ನುಹತ್ತಿ ಹೋದಂತೆ, ಹಿಂದೆಯೇ ಆ ಪ್ರಯೋಗಾಲಯವನ್ನು ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದ ಒಬ್ಬರ ಖಾತೆಯನ್ನು ಯಾರೋ ಬಳಸುತ್ತಿರುವುದು ಬೆಳಕಿಗೆ ಬಂತು. ಕೊನೆಗೆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಎಂಬವನ ಮನೆಯ ತನಕ ಹೋಯಿತು. ಅವನೂ ಅವನ ಸಂಗಡಿಗರೂ ಅಮೆರಿಕದ ಸೇನಾಗಣಕಗಳಿಂದ ತೆಗೆದುದನ್ನು ಸೋವಿಯತ್ ಗೂಢಚರ್ಯೆಯವರಿಗೆ ಮಾರುತ್ತಿದ್ದರೆಂದು ತಿಳಿದುಬಂತು. 1990ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಸ್ಟೋಲ್ ಈ ಬೇಟೆಯ ಕಥೆಯನ್ನು 1989ರಲ್ಲಿ ಪುಸ್ತಕವಾಗಿ ಬರೆದರು.

ಈ ಕಥೆಯಿಂದ ನಮಗೆ ಎರಡು ಪಾಠಗಳು. ಕಳ್ಳ ಆರಿಸಿಕೊಂಡದ್ದು ಒಡೆಯನಿಲ್ಲದ ಖಾತೆಯನ್ನು. ‘ಹಿಂದಿನ ಪ್ರವೇಶ’ ಎಂಬ ಸಾಲನ್ನು ಓದಲು ಅಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ವರ್ಗವಾಗಿ ಹೋದವರ, ನಿವೃತ್ತರಾದವರ, ಕಾಲವಾದವರ ಖಾತೆಗಳನ್ನು ಮುಚ್ಚುವುದು ಕಚೇರಿಗಳ ಮೊದಲ ಕರ್ತವ್ಯ. ಪಾಳುಮನೆಗೆ ಬೀಗವೊಂದೇ ಸಾಲದು. ಇನ್ನೊಂದು ಪಾಠ ಇದಕ್ಕಿಂತ ಸೂಕ್ಷ್ಮವಾದದ್ದು. ಆ ಕಳ್ಳ ವ್ಯವಸ್ಥೆಯೊಳಗಿನ ಒಂದು ದೋಷದ ಮೂಲಕ ಮೇಲಧಿಕಾರಿಯ ಅಧಿಕಾರವನ್ನೇ ಪಡೆದಿದ್ದ. ಆ ಅಧಿಕಾರವಿದ್ದವನು ಹಾಜರಿ ಪುಸ್ತಕದ ಸಾಲುಗಳನ್ನೇ ಅಳಿಸಬಲ್ಲ. ಹೀಗಾಗಿ ಸ್ಟೋಲ್ ಗಣಕದೊಳಗಿನ ದಾಖಲೆಯನ್ನೇ ನೆಚ್ಚಿಕೊಳ್ಳಲಿಲ್ಲ. ಪ್ರಯೋಗಾಲಯದ ಸುಮಾರು ಐವತ್ತು ಮುದ್ರಕಗಳನ್ನೂ ಕಿರುಗಣಕಗಳನ್ನೂ ಎರವಲು ತಂದು ಹೊರಗಿನಿಂದ ಬರುವ ತಂತಿಗಳಿಗೆ ಜೋಡಿಸಿ, ಬಂದವನು ಒತ್ತಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಮೂಡುವಂತೆ ಮಾಡಿದರು. ಕಾಗದದ ಮೇಲಿನ ಮಸಿಯನ್ನು ದೂರದ ಹ್ಯಾನೋವರಿನಿಂದ ಅಳಿಸುವುದು ಸಾಧ್ಯವಿರಲಿಲ್ಲ. ಇಂದಿಗೂ ದೊಡ್ಡ ಸಂಸ್ಥೆಗಳು ದಾಖಲೆಯ ಪ್ರತಿಯನ್ನು ಆಗಿಂದಾಗ ಬೇರೊಂದು ಯಂತ್ರಕ್ಕೆ ರವಾನಿಸುವುದು ಇದೇ ನ್ಯಾಯದಿಂದ. ದಾಖಲೆಯಲ್ಲಿ ಅನುಮಾನಾಸ್ಪದವಾದ ಸಾಲು ಕಂಡರೆ ಅದಕ್ಕೆ ಅರ್ಥವಿದೆ. ಕಾಣದಿದ್ದ ಮಾತ್ರಕ್ಕೆ ಯಾರೂ ಬಂದಿಲ್ಲವೆಂದು ಶಪಥ ಮಾಡಲಾಗದು.

ಈಗ ನನ್ನ ಕಥೆಗೆ ಬರುತ್ತೇನೆ. ಹಳ್ಳಿಗಳಲ್ಲಿ ಕೇಳಿ ಬರೆದುಕೊಂಡ ಬೇಸಾಯದ ಪದಗಳ ಒಂದು ಸಂಗ್ರಹ ನನ್ನಲ್ಲಿದೆ, ಬಹಳ ವರ್ಷಗಳ ಶ್ರಮ. ಅದನ್ನು ಗಣಕಕ್ಕೆ ಏರಿಸಲು ನೆರವಾಗುತ್ತಿದ್ದವನು ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ ಒಬ್ಬ ಹುಡುಗ. ನನ್ನ ಗುಪ್ತಪದವನ್ನು ನಾನೇ ಅವನಿಗೆ ಹೇಳಿದ್ದೆ. ಒಂದು ದಿನ ಸಂಗ್ರಹದ ಒಂದು ಭಾಗ ಕಾಣದಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಎಂಜಿನಿಯರು, ಪ್ರವೇಶದಾಖಲೆಯನ್ನು ತೆರೆಯುವ ಬಗೆಯನ್ನು ಹಿಂದೆ ಹೇಳಿಕೊಟ್ಟಿದ್ದ. ತೆರೆದು ನೋಡಿದೆ. ಒಂದು ಸಾಲಿನ ವಿವರದಲ್ಲಿ ಹೊತ್ತು 2 ಗಂಟೆ 40 ನಿಮಿಷ. ಮರುದಿನದ್ದು 2 ಗಂಟೆ 55. ಅದರ ಮರುದಿನ 2 ಗಂಟೆ 35. ನಡುರಾತ್ರಿ ಕಳೆದ ಆ ಹೊತ್ತಿನಲ್ಲಿ ಮನೆಯಲ್ಲಿ ನಾವೆಲ್ಲ ನಿದ್ದೆಯಲ್ಲಿರುತ್ತೇವೆ. ಗುಪ್ತಪದ ಬಲ್ಲವನು ಇನ್ನೊಬ್ಬನೇ.

ಆ ಸಂಜೆ ಹುಡುಗ ಬಂದಾಗ, ಬೇರೇನನ್ನೂ ಹೇಳದೆ, “ರಾತ್ರಿ ನಿನಗೆ ನಿದ್ದೆ ಬರುವುದಿಲ್ಲವೇನಪ್ಪ?” ಎಂದು ಕೇಳಿದೆ. “ಪರೀಕ್ಷೆ ಹತ್ತಿರ ಬಂತಲ್ಲ ಸರ್, ಎರಡು ಮೂರು ಗಂಟೆಯ ತನಕ ಓದುತ್ತಿರುತ್ತೇನೆ” ಎಂದ. ನನ್ನ ಸಂಶಯ ನಿಶ್ಚಯವಾಯಿತು. ಆ ರಾತ್ರಿ ನನಗೇ ನಿದ್ದೆ ಬರಲಿಲ್ಲ. ಬೆಳಗಾದ ಮೇಲೆ ಅವನನ್ನು ಕರೆಯುವ ಮುನ್ನ, ಯಾವ ಪುಣ್ಯವೋ, ಆ ಎಂಜಿನಿಯರಿಗೆ ಫೋನು ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಮೇಷ್ಟ್ರೇ, ತಾವು ಬೆಳಿಗ್ಗೆ ಎಷ್ಟು ಗಂಟೆಗೆ ಗಣಕದ ಮುಂದೆ ಕೂರುತ್ತೀರಿ?” ತಿಂಡಿ ಮುಗಿಸಿ, ಎಂಟು ಗಂಟೆ ದಾಟಿದ ಮೇಲೆ ಎಂದೆ. “ತಾವು ಕಂಡ ಹೊತ್ತಿನ ಕೊನೆಯಲ್ಲಿ ಝಡ್ ಎಂಬ ಇಂಗ್ಲಿಷ್ ಅಕ್ಷರವಿದೆಯೇ ನೋಡಿ” ಎಂದ. ಇತ್ತು. “ಅದು ನಮ್ಮ ಗಡಿಯಾರದ ಹೊತ್ತಲ್ಲ, ಲೋಕಕ್ಕೆಲ್ಲ ಸಾಮಾನ್ಯವಾಗಿ ಇಟ್ಟುಕೊಂಡ ಹೊತ್ತು. ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ” ಎಂದ.

ಕೂಡಿಸಿದೆ. ಎಂಟು ಗಂಟೆ ಹತ್ತು ನಿಮಿಷ. ಎಂಟು ಇಪ್ಪತ್ತೈದು. ಎಂಟು ಗಂಟೆ ಐದು. ಮೂರು ದಿನವೂ ಬಂದ ಕಳ್ಳ ನಾನೇ! ಕಾಣದಾಗಿದ್ದ ಭಾಗ ಎರಡು ದಿನಗಳ ಮೇಲೆ, ನಾನೇ ಕೈತಪ್ಪಿ ಇಟ್ಟಿದ್ದ ಇನ್ನೊಂದು ಕಡತದಲ್ಲಿ ಸಿಕ್ಕಿತು. ಹುಡುಗನನ್ನು ಕರೆದು ನಡೆದುದನ್ನೆಲ್ಲ ಹೇಳಿದೆ. ಅವನು ನಕ್ಕ. ಅದು ಪೂರ್ತಿ ನಗುವಾಗಿರಲಿಲ್ಲ.

ಶಾಸನವನ್ನು ಓದುವಾಗ ಮೊದಲು ಅದರ ಕಾಲವನ್ನು ನಿಶ್ಚಯಿಸಬೇಕು ಎಂದು ತರಗತಿಯಲ್ಲಿ ಹೇಳಿದವನು ನಾನು. ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲದಿರುವುದರಿಂದ ವಿದ್ವಾಂಸರು ಎಷ್ಟು ಚರ್ಚೆ ಮಾಡಬೇಕಾಯಿತೆಂಬುದನ್ನು ಬಣ್ಣಿಸಿದವನೂ ನಾನು. ನನ್ನ ಮೇಜಿನ ಮೇಲಿನ ಶಾಸನದಲ್ಲಿ ಕಾಲವಿತ್ತು, ಅದು ಯಾವ ಗಣನೆಯದೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ಆದ್ದರಿಂದ ದಾಖಲೆಯನ್ನು ಓದುವವರು ಮೊದಲು ಗಡಿಯಾರವನ್ನು ವಿಚಾರಿಸಬೇಕು. ಹೊತ್ತು ಯಾವ ದೇಶದ್ದು, ಗಣಕದ ಗಡಿಯಾರ ಸರಿಯಾಗಿದೆಯೇ, ಪ್ರವೇಶ ಯಾವ ಬಗೆಯದು, ಮನುಷ್ಯನದೋ ಊಳಿಗದ ಕ್ರಮವಿಧಿಯದೋ ಎಂಬುದನ್ನು ನೋಡಬೇಕು. ತೋರಿಸುವ ವ್ಯವಸ್ಥೆಯನ್ನು ಕಟ್ಟುವವರಿಗೂ ಇಲ್ಲೊಂದು ಹೊಣೆಯಿದೆ. ಬಳಕೆದಾರನ ಊರಿನ ಹೊತ್ತಿನಲ್ಲಿ, ಬಳಕೆದಾರನ ಮಾತಿನಲ್ಲಿ, ಊಳಿಗದ ಸಾಲುಗಳನ್ನು ಬದಿಗಿಟ್ಟು, ಅವನಿಗೆ ಬೇಕಾದ ನಾಲ್ಕು ಸಾಲುಗಳನ್ನು ಮಾತ್ರ ತೋರಿಸಬೇಕು. ಅರ್ಧ ತಿಳಿಯುವಂತೆ ತೋರಿಸಿದ ದಾಖಲೆ ತೋರಿಸದ ದಾಖಲೆಗಿಂತ ಹೆಚ್ಚು ಕೇಡು ಮಾಡಬಲ್ಲದು. ದಾಖಲೆ ಸಾಕ್ಷಿ ಮಾತ್ರ. ಸಾಕ್ಷಿಯನ್ನು ಪ್ರಶ್ನಿಸದೆ ತೀರ್ಪು ಕೊಡುವ ನ್ಯಾಯಾಧೀಶ ನಾನಾಗಲಿದ್ದೆ.

ನನ್ನ ಮೂಲದ ತಪ್ಪು ಇನ್ನೊಂದು. ಒಂದೇ ಹೆಸರನ್ನು ಇಬ್ಬರು ಬಳಸುತ್ತಿದ್ದೆವು. ಹಾಗೆ ಬಳಸಿದರೆ ಪ್ರವೇಶದ ಇತಿಹಾಸಕ್ಕೆ ಅರ್ಥವೇ ಉಳಿಯುವುದಿಲ್ಲ. “ನಾನಲ್ಲ” ಎಂದು ಒಬ್ಬನು ಹೇಳಬಹುದು, “ಹಾಗಾದರೆ ಅವನು” ಎಂದು ಮಾತ್ರ ಹೇಳಲಾಗದು. ಮನೆಯಲ್ಲಿ ಗಣಕ ಒಂದೇ ಇರಬಹುದು, ಹೆಸರುಗಳು ಮಾತ್ರ ಮಂದಿಯಷ್ಟೇ ಇರಬೇಕು. ಇದು ಅಪನಂಬಿಕೆಯ ಮಾತಲ್ಲ. ಪ್ರತ್ಯೇಕ ಖಾತೆಯಿದ್ದರೆ ನಿರಪರಾಧಿಗೆ ಅದೇ ರಕ್ಷಣೆ. ಕಚೇರಿಯಲ್ಲಿ ಸಾಹೇಬರ ಗುಪ್ತಪದವನ್ನು ಗುಮಾಸ್ತೆ ಬಳಸುವ ರೂಢಿಯಿರುವಲ್ಲಿ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ತಲೆ ಕೊಡಬೇಕಾದವನು ಗುಮಾಸ್ತೆಯೇ ಎಂಬುದನ್ನು ನೆನಪಿಡಬೇಕು.

ಇನ್ನೊಂದು ಎಚ್ಚರ. ನಮ್ಮ ಇತಿಹಾಸ ನಮಗೆ ಕಾಣಬೇಕೆಂದೆನಷ್ಟೆ. ಎಲ್ಲರ ಇತಿಹಾಸ ಎಲ್ಲರಿಗೂ ಕಾಣಬೇಕೆಂದು ಅದರ ಅರ್ಥವಲ್ಲ. ಯಾರು ಎಷ್ಟು ಹೊತ್ತಿಗೆ ಎದ್ದರು, ಎಷ್ಟು ಹೊತ್ತಿನ ತನಕ ಕುಳಿತಿದ್ದರು ಎಂಬುದು ಪ್ರವೇಶದಾಖಲೆಯಿಂದ ತಿಳಿದುಬರುತ್ತದೆ. ಹೆಂಡತಿಯನ್ನು ಕಾವಲು ಕಾಯುವ ಗಂಡನ ಕೈಗೆ, ನೌಕರನ ಉಸಿರನ್ನೂ ಎಣಿಸುವ ಯಜಮಾನನ ಕೈಗೆ ಅದು ಸಿಕ್ಕರೆ ರಕ್ಷೆಯೇ ಶಿಕ್ಷೆಯಾಗುತ್ತದೆ. ಒಬ್ಬೊಬ್ಬನಿಗೂ ಅವನವನ ಸಾಲುಗಳು ಕಂಡರೆ ಸಾಕು. ಒಟ್ಟು ಪುಸ್ತಕವನ್ನು ನೋಡುವ ಅಧಿಕಾರ ಹೊಣೆಯುಳ್ಳ ಒಬ್ಬಿಬ್ಬರಲ್ಲಿ ಮಾತ್ರ ಇರಲಿ.

ಕೊನೆಯದಾಗಿ, ನಿಜವಾಗಿಯೂ ತಮ್ಮದಲ್ಲದ ಪ್ರವೇಶ ಕಂಡರೆ ಮಾಡಬೇಕಾದುದೇನು? ಗಾಬರಿಯಿಂದ ಯಾವುದನ್ನೂ ಅಳಿಸಬೇಡಿ. ಕಂಡ ದಿನವನ್ನೂ ಹೊತ್ತನ್ನೂ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಗಡಿಯಾರವನ್ನು ವಿಚಾರಿಸಿ, ಆ ಹೊತ್ತಿನಲ್ಲಿ ತಾವೆಲ್ಲಿದ್ದಿರೆಂದು ನೆನಪು ಮಾಡಿಕೊಳ್ಳಿ. ಆಗಲೂ ಲೆಕ್ಕ ಕೂಡದಿದ್ದರೆ, ನಂಬಿಕೆಯುಳ್ಳ ಬೇರೊಂದು ಗಣಕದಿಂದ ಅಂಚೆಯ, ಬ್ಯಾಂಕಿನ ಗುಪ್ತಪದಗಳನ್ನು ಬದಲಿಸಿ. ಕಚೇರಿಯ ಗಣಕವಾದರೆ ಮೇಲ್ವಿಚಾರಕರಿಗೆ ಬರೆದು ತಿಳಿಸಿ. ಮನೆಯದಾದರೆ ಬಲ್ಲವರೊಬ್ಬರಿಗೆ ತೋರಿಸುವ ತನಕ ಜಾಲದ ಸಂಪರ್ಕವನ್ನು ಕಳಚಿಡಿ. ಇನ್ನೊಬ್ಬರ ಗುಪ್ತಪದವನ್ನು ಕೆಟ್ಟ ಉದ್ದೇಶದಿಂದ ಬಳಸುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ತಂದ ತಿದ್ದುಪಡಿಯಂತೆ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿಯವರೆಗಿನ ದಂಡಕ್ಕೂ ಗುರಿಯಾಗುವ ಅಪರಾಧ. ಪೊಲೀಸರಿಗೆ ದೂರು ಕೊಡುವ ದಾರಿಯೂ ತೆರೆದಿದೆ.

ನನ್ನ ಗಣಕದಲ್ಲಿ ಈಗ ಎರಡು ಹೆಸರುಗಳಿವೆ. ಹುಡುಗನ ಹೆಸರಿನ ಗುಪ್ತಪದ ನನಗೆ ಗೊತ್ತಿಲ್ಲ, ನನ್ನದು ಅವನಿಗೆ ಗೊತ್ತಿಲ್ಲ. ಎಂಜಿನಿಯರು ಬಂದು, ಒಳಹೋದೊಡನೆ ಹಿಂದಿನ ಪ್ರವೇಶದ ಹೊತ್ತು ನಮ್ಮ ಊರಿನ ಗಡಿಯಾರದಂತೆಯೇ ಕಾಣುವ ಹಾಗೆ ಮಾಡಿಕೊಟ್ಟಿದ್ದಾನೆ. ದಿನವೂ ತಿಂಡಿ ಮುಗಿಸಿ ಕುಳಿತಾಗ ಆ ಸಾಲು ತೆರೆಯ ಮೇಲೆ ಬರುತ್ತದೆ. ನಿನ್ನೆ, ಎಂಟು ಗಂಟೆ ಹನ್ನೆರಡು ನಿಮಿಷ. ಹೌದು, ನಾನೇ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಕೆಲಸಕ್ಕೆ ತೊಡಗುತ್ತೇನೆ. ತಾವೂ ಹಾಗೆ ಒಂದು ಕ್ಷಣ ನಿಂತು ಓದಿ ಮುಂದಕ್ಕೆ ಹೋಗಿರೆಂದು ಬೇಡುತ್ತ ನನ್ನ ಮಾತನ್ನು ಮುಗಿಸುತ್ತೇನೆ.